‘ಚೆಕ್ ಹೈಬ್ರಿಡ್ ಸಿಸ್ಟಂ’ ಅಂತ ಬಂದ ಕೂಡಲೇ ದೊಡ್ಡ ಬ್ಯಾಟರಿಗೆ ದುಡ್ಡು ಹೊಂದಿಸಬೇಕಾ?

ಪ್ರಶ್ನೆ: ಸರ್, ನಾನು ಬನಶಂಕರಿಯವನು. 2015ರ ಹೈಬ್ರಿಡ್ ಸೆಡಾನ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇನೆ. ಮಂಗಳೂರಿನ ಗಾಡಿ, ಕೆಎ-19 ನಂಬರ್. ಸುಮಾರು 1,30,000 ಕಿ.ಮೀ. ಓಡಿದೆ. ನನಗೆ ಮನೆಯಿಂದಲೇ ಕೆಲಸ, ಹಾಗಾಗಿ ಗಾಡಿ ತೆಗೆಯುವುದು ವಾರಕ್ಕೊಂದೆರಡು ಸಲ ಅಷ್ಟೇ. ಹೋದ ತಿಂಗಳು ಊರಿಗೆ ಬಸ್ಸಲ್ಲಿ ಹೋಗಿ ಹತ್ತು ದಿನ ಬಿಟ್ಟು ಬಂದೆ. ಗಾಡಿ ಸ್ಟಾರ್ಟ್ ಮಾಡಿದರೆ ಡ್ಯಾಶ್‌ಬೋರ್ಡ್ ತುಂಬಾ ದೀಪ, ನಡುವೆ ಕೆಂಪು ತ್ರಿಕೋನ, ಜೊತೆಗೆ ‘ಚೆಕ್ ಹೈಬ್ರಿಡ್ ಸಿಸ್ಟಂ’ ಅಂತ ಸಂದೇಶ. ಆಫ್ ಮಾಡಿ ಆನ್ ಮಾಡಿದೆ, ಹೋಯಿತು. ಹೋದ ವಾರ ಮಧ್ಯಾಹ್ನ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಸಿಕ್ಕಿಕೊಂಡಿದ್ದಾಗ ಮತ್ತೆ ಅದೇ ಸಂದೇಶ ಬಂತು. ಆಗ ಹಿಂದಿನ ಸೀಟಿನ ಕಡೆಯಿಂದ ಫ್ಯಾನ್ ಜೋರಾಗಿ ಸದ್ದು ಮಾಡುತ್ತಿತ್ತು. ಸರ್ವಿಸ್ ಸೆಂಟರ್‌ನಲ್ಲಿ ‘ಹೈಬ್ರಿಡ್ ಬ್ಯಾಟರಿ ಹೋಗಿದೆ, ಪೂರ್ತಿ ಬದಲಿಸಬೇಕು, ಲಕ್ಷಗಟ್ಟಲೆ ಆಗುತ್ತೆ’ ಅಂದರು. ಬಾಮೈದನ ಮೆಕ್ಯಾನಿಕ್ ‘ಟರ್ಮಿನಲ್ ಬಿಚ್ಚಿ ಹತ್ತು ನಿಮಿಷ ಬಿಟ್ಟು ಹಾಕಿ, ದೀಪ ಹೋಗುತ್ತೆ’ ಅಂತಾನೆ. ಪಾರ್ಕಿಂಗ್ ಮೋಡ್ ಇರುವ ಡ್ಯಾಶ್ ಕ್ಯಾಮ್ ಒಂದನ್ನು ಹಾಕಿಸಿದ್ದು ಬಿಟ್ಟರೆ ಗಾಡಿಯಲ್ಲಿ ಬೇರೇನೂ ಬದಲಾಯಿಸಿಲ್ಲ. ಬರುವ ಶನಿವಾರ ಮನೆಯವರು, ನಮ್ಮ ನಾಯಿ ಎಲ್ಲರೂ ಸೇರಿ ಶಿರಾಡಿ ಘಾಟಿ ಮೇಲೆ ಮಂಗಳೂರಿಗೆ ಹೊರಡಬೇಕು. ಹೋಗಬಹುದಾ? ಅಥವಾ ಗಾಡಿ ಮಾರಿಬಿಡಲಾ?

ಉತ್ತರ: ಮಾರುವ ಮಾತು ಈಗ ಬೇಡ. ಶನಿವಾರದ ವಿಷಯ ಕೊನೆಗೆ ಹೇಳುತ್ತೇನೆ.

ನಿಮ್ಮ ಪತ್ರ ಎರಡು ಸಲ ಓದಿದೆ. ನೀವು ಬರೆದ ಎರಡು ಘಟನೆಗಳನ್ನು ಎಲ್ಲರೂ ಒಂದೇ ಕಾಯಿಲೆ ಅಂದುಕೊಂಡಿದ್ದಾರೆ, ನೀವೂ ಸೇರಿ. ನನಗೆ ಹಾಗೆ ಅನ್ನಿಸುತ್ತಿಲ್ಲ. ಹತ್ತು ದಿನ ನಿಂತ ಗಾಡಿ ಬೆಳಿಗ್ಗೆ ತಣ್ಣಗಿರುವಾಗ ದೀಪ ತೋರಿಸುವುದು ಒಂದು ಕಥೆ. ಮಧ್ಯಾಹ್ನದ ಬಿಸಿಲಲ್ಲಿ, ಜಾಮ್‌ನಲ್ಲಿ, ಫ್ಯಾನ್ ಕಿರುಚುತ್ತಿರುವಾಗ ತೋರಿಸುವುದು ಇನ್ನೊಂದು. ಸಂದೇಶ ಒಂದೇ ಇದೆ, ಯಾಕೆಂದರೆ ಹೈಬ್ರಿಡ್ ಭಾಗದಲ್ಲಿ ಏನೇ ಹೆಚ್ಚುಕಡಿಮೆ ಆದರೂ ಗಾಡಿ ತೋರಿಸುವುದು ಅದೇ ಸಾಲನ್ನು. ಯಾವ ಪಾರ್ಟ್ ಹೋಗಿದೆ ಅಂತ ಆ ದೀಪಕ್ಕೆ ಗೊತ್ತಿಲ್ಲ. ಅದನ್ನು ಹೇಳುವುದು ಒಳಗಿನ ಕಂಪ್ಯೂಟರಿನಲ್ಲಿ ಕೂತಿರುವ ಕೋಡು.

ಸರ್ವಿಸ್ ಸೆಂಟರ್‌ನವರು ಬ್ಯಾಟರಿ ಹೋಗಿದೆ ಅಂದರು ಅಂತ ಬರೆದಿದ್ದೀರಿ, ಕೋಡು ಯಾವುದು ಅಂತ ಬರೆದಿಲ್ಲ. ಬಹುಶಃ ಅವರು ನಿಮಗೆ ಕೊಡಲೂ ಇಲ್ಲ. ಮೊದಲ ಕೆಲಸ ಅದೇ. ಹೋಗಿ ಸ್ಕ್ಯಾನ್ ರಿಪೋರ್ಟ್ ಕೇಳಿ, ಬಾಯಿಮಾತಲ್ಲಿ ಅಲ್ಲ, ಪ್ರಿಂಟ್ ಅಥವಾ ಸ್ಕ್ರೀನಿನ ಫೋಟೊ. ಅದರ ಜೊತೆಗೆ ‘ಫ್ರೀಜ್ ಫ್ರೇಮ್’ ಪುಟವೂ ಬೇಕು ಅಂತ ಕೇಳಿ. ದೋಷ ದಾಖಲಾದ ಆ ಕ್ಷಣದಲ್ಲಿ ಬ್ಯಾಟರಿಯ ಉಷ್ಣತೆ ಎಷ್ಟಿತ್ತು, ಚಾರ್ಜ್ ಎಷ್ಟಿತ್ತು, ವೋಲ್ಟೇಜ್ ಎಷ್ಟಿತ್ತು, ಗಾಡಿ ಓಡುತ್ತಿತ್ತೋ ನಿಂತಿತ್ತೋ, ಎಲ್ಲ ಅದರಲ್ಲಿ ಇರುತ್ತದೆ. ನನ್ನ ಕೈಗೆ ಗಾಡಿ ಬಂದಾಗ ನಾನು ಕೋಡಿಗಿಂತ ಮೊದಲು ನೋಡುವುದು ಈ ಪುಟವನ್ನೇ.

ಇದೇ ಕಾರಣಕ್ಕೆ ಟರ್ಮಿನಲ್ ಬಿಚ್ಚುವ ಐಡಿಯಾ ಬೇಡ. ದೀಪ ಹೋಗುತ್ತದೆ, ನಿಜ. ಎಷ್ಟೋ ಗಾಡಿಗಳಲ್ಲಿ ಅದರ ಜೊತೆಗೆ ಕೋಡು, ಫ್ರೀಜ್ ಫ್ರೇಮ್ ಎಲ್ಲ ಅಳಿಸಿಹೋಗುತ್ತವೆ. ದೋಷ ಇದ್ದಲ್ಲೇ ಇರುತ್ತದೆ, ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತದೆ, ಆಗ ಹುಡುಕುವವನ ಕೈಯಲ್ಲಿ ಏನೂ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಮಾರುವವರು ಗಾಡಿ ತೋರಿಸುವ ಹಿಂದಿನ ದಿನ ಇದನ್ನೇ ಮಾಡುವುದುಂಟು.

ಈಗ ಮೊದಲ ಘಟನೆ. ನಿಮ್ಮ ಗಾಡಿಯಲ್ಲಿ ಎರಡು ಬ್ಯಾಟರಿ ಇವೆ, ಇದು ಎಷ್ಟೋ ಹೈಬ್ರಿಡ್ ಮಾಲೀಕರಿಗೇ ಗೊತ್ತಿರುವುದಿಲ್ಲ. ಒಂದು ಗಾಡಿ ಓಡಿಸುವ ದೊಡ್ಡ ಹೈ ವೋಲ್ಟೇಜ್ ಬ್ಯಾಟರಿ. ಇನ್ನೊಂದು ಎಲ್ಲಾ ಕಾರಿನಲ್ಲೂ ಇರುವಂಥ 12 ವೋಲ್ಟಿನ ಸಣ್ಣದು, ಹಲವು ಹೈಬ್ರಿಡ್ ಸೆಡಾನ್‌ಗಳಲ್ಲಿ ಅದು ಡಿಕ್ಕಿಯಲ್ಲಿ ಇರುತ್ತದೆ. ಮಾಮೂಲಿ ಪೆಟ್ರೋಲ್ ಕಾರಿನಲ್ಲಿ ಈ ಬ್ಯಾಟರಿ ಸೋತರೆ ಸ್ಟಾರ್ಟರ್ ‘ಗುರ್ರ್... ಗುರ್...’ ಅಂತ ಎಳೆದು ಮೊದಲೇ ಸುಳಿವು ಕೊಡುತ್ತದೆ. ನಿಮ್ಮಂಥ ಹೈಬ್ರಿಡ್‌ನಲ್ಲಿ ಆ ಸ್ಟಾರ್ಟರೇ ಇಲ್ಲ, ಇಂಜಿನ್ ತಿರುಗಿಸುವುದು ದೊಡ್ಡ ಬ್ಯಾಟರಿಯಿಂದ ಓಡುವ ಮೋಟಾರ್. ಸಣ್ಣ ಬ್ಯಾಟರಿಯ ಕೆಲಸ ಕಂಪ್ಯೂಟರುಗಳನ್ನು ಎಬ್ಬಿಸುವುದು, ದೊಡ್ಡ ಬ್ಯಾಟರಿಯನ್ನು ಜೋಡಿಸುವ ರಿಲೇಗಳನ್ನು ಎಳೆದು ಹಿಡಿಯುವುದು, ಅಷ್ಟೇ. ಸ್ಟಾರ್ಟ್ ಬಟನ್ ಒತ್ತಿದಾಗ ಹಿಂದಿನ ಸೀಟಿನ ಹಿಂದೆ ‘ಟಕ್, ಟಕ್’ ಅಂತ ಕೇಳಿಸುತ್ತದಲ್ಲ, ಅದೇ ಆ ರಿಲೇ. ಹಾಗಾಗಿ ಸಣ್ಣ ಬ್ಯಾಟರಿ ಸದ್ದಿಲ್ಲದೆ ಸೋಲುತ್ತಾ ಬರುತ್ತದೆ. ಒಂದು ದಿನ ವೋಲ್ಟೇಜ್ ಕುಸಿದಾಗ ಒಂದೊಂದು ಕಂಪ್ಯೂಟರೂ ಒಂದೊಂದು ದೂರು ಹೇಳಲು ಶುರು ಮಾಡುತ್ತದೆ, ಎಬಿಎಸ್ ಒಂದು, ಸ್ಟೀರಿಂಗ್ ಒಂದು, ಹೈಬ್ರಿಡ್ ಒಂದು. ಡ್ಯಾಶ್‌ಬೋರ್ಡ್ ತುಂಬಾ ದೀಪ ಅಂದಿರಲ್ಲ, ಅದೇ ಲಕ್ಷಣ. ದೊಡ್ಡ ಬ್ಯಾಟರಿ ಒಂದೇ ಕೆಟ್ಟಿದ್ದರೆ ಸ್ಟೀರಿಂಗ್ ದೀಪ ಯಾಕೆ ಹತ್ತಬೇಕು ಹೇಳಿ?

ಪಾರ್ಕಿಂಗ್ ಮೋಡ್ ಡ್ಯಾಶ್ ಕ್ಯಾಮ್ ಅಂತ ನೀವು ಸುಮ್ನೆ ಒಂದು ಮಾತು ಸೇರಿಸಿದ್ದೀರಿ, ನನಗೆ ಅದೇ ಮುಖ್ಯ. ಅದು ಕಾಲು ಆಂಪಿಯರ್ ಎಳೆದರೂ ದಿನಕ್ಕೆ 6 ಆಂಪಿಯರ್-ಅವರ್ ಆಯಿತು. 45 ಆಂಪಿಯರ್-ಅವರ್ ಬ್ಯಾಟರಿ ಹೊಸದಾಗಿದ್ದರೂ ವಾರ ಕಳೆಯುವಷ್ಟರಲ್ಲಿ ಖಾಲಿ. ಒಳ್ಳೆಯ ಕ್ಯಾಮೆರಾಗಳಲ್ಲಿ ವೋಲ್ಟೇಜ್ ಇಳಿದರೆ ತಾನಾಗಿಯೇ ಆಫ್ ಆಗುವ ವ್ಯವಸ್ಥೆ ಇರುತ್ತದೆ, ಆದರೆ ಹಾಕುವವರು ಅದನ್ನು 11.8 ವೋಲ್ಟಿಗೋ ಇನ್ನೂ ಕೆಳಗೋ ಸೆಟ್ ಮಾಡಿ ಹೋಗಿರುತ್ತಾರೆ. ಹೈಬ್ರಿಡ್‌ಗೆ ಅದು ಸಾಲದು, 12.2ಕ್ಕೆ ಏರಿಸಿ ಅಥವಾ ಪಾರ್ಕಿಂಗ್ ಮೋಡನ್ನೇ ತೆಗೆಸಿ.

ಪರೀಕ್ಷೆ ನೀವೇ ಮಾಡಬಹುದು. ಒಂದು ಮಾಮೂಲಿ ಮಲ್ಟಿಮೀಟರ್ ಸಾಕು. ರಾತ್ರಿ ಇಡೀ ನಿಂತ ಗಾಡಿಯಲ್ಲಿ, ಏನೂ ಆನ್ ಮಾಡದೆ, 12 ವೋಲ್ಟ್ ಬ್ಯಾಟರಿಯ ಎರಡು ಟರ್ಮಿನಲ್ ಮೇಲೆ ಇಟ್ಟು ನೋಡಿ. 12.6 ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ನಿಮ್ಮ ಮೊದಲ ಘಟನೆಗೆ ಉತ್ತರ ಸಿಕ್ಕಂತೆಯೇ. ಆಮೇಲೆ ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ ಗಾಡಿಯನ್ನು ‘ರೆಡಿ’ಗೆ ತನ್ನಿ (ಎದುರಿಗೆ ‘READY’ ದೀಪ ಬರಬೇಕು), ಮೀಟರ್ 13.5ರಿಂದ 14.5ರ ಒಳಗೆ ತೋರಿಸಬೇಕು. ರೆಡಿ ಬಂದ ಮೇಲೂ 12ರಲ್ಲೇ ನಿಂತಿದ್ದರೆ ತೊಂದರೆ ಬ್ಯಾಟರಿಯದ್ದಲ್ಲ, ದೊಡ್ಡ ಬ್ಯಾಟರಿಯ ಕರೆಂಟ್ ಇಳಿಸಿ ಸಣ್ಣದನ್ನು ಚಾರ್ಜ್ ಮಾಡುವ ಡಿಸಿ-ಡಿಸಿ ಕನ್ವರ್ಟರಿನದ್ದು ಅಥವಾ ಅದರ ಫ್ಯೂಸಿನದ್ದು. ಇಂಥ ಹೈಬ್ರಿಡ್‌ನಲ್ಲಿ ಆಲ್ಟರ್ನೇಟರ್ ಇರುವುದಿಲ್ಲ, ಆ ಕೆಲಸ ಮಾಡುವುದು ಈ ಕನ್ವರ್ಟರ್.

ಸಣ್ಣ ಬ್ಯಾಟರಿ ಬದಲಿಸಬೇಕಾಗಿ ಬಂದರೆ ಒಂದು ವಿಷಯ ನೆನಪಿಡಿ. ಡಿಕ್ಕಿಯಲ್ಲಿ ಕೂರುವ ಬ್ಯಾಟರಿ ಸಾಮಾನ್ಯವಾಗಿ ಆಸಿಡ್ ಚೆಲ್ಲದಂತೆ ಮುಚ್ಚಿದ ‘ಎಜಿಎಂ’ ಜಾತಿಯದು, ಗ್ಯಾಸ್ ಹೊರಗೆ ಹೋಗಲು ಸಣ್ಣ ಪೈಪ್ ಇರುತ್ತದೆ. ಅದೇ ಅಳತೆಯದ್ದು ಸಿಕ್ಕಿತು ಅಂತ ಮಾಮೂಲಿ ನೀರಿನ ಬ್ಯಾಟರಿ ತಂದು ಕೂರಿಸಬೇಡಿ, ಆ ಗ್ಯಾಸ್ ನೀವು ಕೂರುವ ಜಾಗಕ್ಕೇ ಬರುತ್ತದೆ. ಜಂಪ್ ಕೊಡುವಾಗ ಪ್ಲಸ್ ಮೈನಸ್ ಅದಲುಬದಲು ಆದರೆ ಫ್ಯೂಸ್ ಹೋದರೆ ಪುಣ್ಯ, ಕನ್ವರ್ಟರ್ ಹೋದರೆ ಆಗ ನಿಜವಾಗಿಯೂ ದೊಡ್ಡ ಬಿಲ್ಲು. ನಿಮ್ಮ ಗಾಡಿಯಿಂದ ಪಕ್ಕದ ಮನೆಯವರ ಕಾರಿಗೆ ಜಂಪ್ ಕೊಡುವ ಉಪಕಾರವೂ ಬೇಡ, ಇನ್ನೊಂದು ಕಾರಿನ ಸ್ಟಾರ್ಟರ್ ಎಳೆಯುವಷ್ಟು ಕರೆಂಟ್ ಕೊಡಲು ಈ ವ್ಯವಸ್ಥೆಯನ್ನು ಮಾಡಿಲ್ಲ.

ವಾರಕ್ಕೊಂದು ಸಲ ಅರ್ಧ ಮುಕ್ಕಾಲು ಗಂಟೆ ಓಡಿಸಿ. ಓಡಿಸಲು ಆಗದಿದ್ದರೆ ರೆಡಿಯಲ್ಲಿ ನಿಲ್ಲಿಸಿದರೂ ಚಾರ್ಜ್ ಆಗುತ್ತದೆ, ಆದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮಾಡಬೇಡಿ. ಸದ್ದೇ ಇಲ್ಲ ಅಂತ ನೀವು ಮೇಲೆ ಹೋಗಿರುತ್ತೀರಿ, ಇಂಜಿನ್ ನಡುವೆ ತಾನೇ ಶುರುವಾಗುತ್ತದೆ, ಹೊಗೆ ಅಲ್ಲೇ ತುಂಬಿಕೊಳ್ಳುತ್ತದೆ.

ಇನ್ನು ಸಿಲ್ಕ್ ಬೋರ್ಡ್ ಘಟನೆ. ಹಿಂದಿನ ಸೀಟಿನ ಕಡೆಯ ಫ್ಯಾನ್ ದೊಡ್ಡ ಬ್ಯಾಟರಿಯನ್ನು ತಂಪು ಮಾಡುವುದಕ್ಕೆ ಇರುವುದು. ಅದು ಗಾಳಿ ಎಳೆಯುವುದು ಹೊರಗಿನಿಂದ ಅಲ್ಲ, ಗಾಡಿಯ ಒಳಗಿನಿಂದ. ಸೀಟಿನ ಪಕ್ಕದಲ್ಲೋ ಹಿಂದೆಯೋ ಒಂದು ಜಾಲರಿ ಇರುತ್ತದೆ, ನಿಮ್ಮ ಓನರ್ಸ್ ಮ್ಯಾನ್ಯುವಲ್‌ನಲ್ಲಿ ಚಿತ್ರ ಸಮೇತ ತೋರಿಸಿರುತ್ತಾರೆ. ಅದನ್ನು ಹುಡುಕಿ, ಟಾರ್ಚ್ ಬಿಟ್ಟು ನೋಡಿ. ನಾಯಿ ಇದೆ ಅಂದಿರಲ್ಲ, ಹಿಂದಿನ ಸೀಟಿನಲ್ಲಿ ತಾನೇ ಕೂರುವುದು? ಇಂಥ ಗಾಡಿಯಲ್ಲಿ ಜಾಲರಿ ಬಿಚ್ಚಿದರೆ ಸಿಗುವುದು ಬೂದು ಬಣ್ಣದ ಒಂದು ಪದರ. ಕೂದಲು, ಸೀಟಿನ ನೂಲು, ನಮ್ಮ ಮೆಟ್ರೋ ಕಾಮಗಾರಿಯ ಧೂಳು ಎಲ್ಲ ಸೇರಿ ಕಂಬಳಿ ತುಂಡಿನ ಹಾಗೆ ಆಗಿರುತ್ತದೆ, ಬೆರಳಿಂದ ಹಿಡಿದೆಳೆದರೆ ಇಡಿಯಾಗಿ ಎದ್ದು ಬರುತ್ತದೆ. ಫ್ಯಾನಿನ ಬ್ಲೇಡುಗಳ ನಡುವೆಯೂ ಅದೇ ಮೆತ್ತಿಕೊಂಡಿರುತ್ತದೆ. ಆಗ ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಗಾಳಿ ಮಾತ್ರ ಹೋಗುವುದಿಲ್ಲ. ಬ್ಯಾಟರಿ 45 ಡಿಗ್ರಿ ಆಸುಪಾಸು ದಾಟಿದರೆ ಕಂಪ್ಯೂಟರ್ ಅದರಿಂದ ತೆಗೆಯುವ ಪವರನ್ನು ಇಳಿಸುತ್ತದೆ, ಇನ್ನೂ ಏರಿದರೆ ದೀಪ ಹಾಕುತ್ತದೆ.

ಬೆಂಗಳೂರು ತಂಪು, ಇಲ್ಲಿ ಬ್ಯಾಟರಿಗೆ ಏನಾಗುತ್ತೆ ಅನ್ನುವವರಿದ್ದಾರೆ. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಬಾಗಿಲು ತೆಗೆದು ನೋಡಲಿ. ಎಸಿ ಹಾಕಿದರೆ ಮೈಲೇಜ್ ಬೀಳುತ್ತದೆ ಅಂತ ಕಿಟಕಿ ಇಳಿಸಿ ಓಡಿಸುವುದೂ ಹೈಬ್ರಿಡ್‌ನಲ್ಲಿ ಜಾಣತನ ಅಲ್ಲ. ನೀವು ಉಸಿರಾಡುವ ಗಾಳಿಯನ್ನೇ ಬ್ಯಾಟರಿಯೂ ಉಸಿರಾಡುತ್ತಿರುತ್ತದೆ, ಧೂಳೂ ಅದೇ.

ಜಾಲರಿ ಮತ್ತು ಅದರ ಫಿಲ್ಟರನ್ನು ನೀವೇ ವ್ಯಾಕ್ಯೂಮ್ ಮಾಡಬಹುದು. ಒಳಗಿನ ಫ್ಯಾನ್ ಬಿಚ್ಚುವುದು ಮಾತ್ರ ಹೈಬ್ರಿಡ್ ಗೊತ್ತಿರುವವರ ಕೆಲಸ, ಯಾಕೆಂದರೆ ಅದು ಕೂತಿರುವುದು ಹೈ ವೋಲ್ಟೇಜ್ ಬ್ಯಾಟರಿಯ ಪಕ್ಕದಲ್ಲೇ. ಈ ಬ್ಯಾಟರಿಗಳು ಸಾಮಾನ್ಯವಾಗಿ 170ರಿಂದ 250 ವೋಲ್ಟ್ ಇರುತ್ತವೆ, ಅದೂ ಡಿಸಿ. ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದ ಮೇಲೂ ಇನ್ವರ್ಟರಿನ (ಬ್ಯಾಟರಿಯ ಡಿಸಿಯನ್ನು ಮೋಟಾರಿಗೆ ಬೇಕಾದ ಎಸಿ ಕರೆಂಟಾಗಿ ಬದಲಿಸುವ ಪೆಟ್ಟಿಗೆ) ಕೆಪಾಸಿಟರಿನಲ್ಲಿ ಉಳಿದ ಕರೆಂಟ್ ಖಾಲಿಯಾಗಲು ಹತ್ತು ನಿಮಿಷ ಕಾಯಬೇಕು, ಮೀಟರ್ ಇಟ್ಟು ಸೊನ್ನೆ ಇದೆ ಅಂತ ನೋಡಬೇಕು, ಕೈಗೆ 1000 ವೋಲ್ಟ್ ತಡೆಯುವ ರಬ್ಬರ್ ಗ್ಲೌಸ್ ಇರಬೇಕು. ಮೆಕ್ಯಾನಿಕ್ ಹತ್ತಿರ ಈ ಗ್ಲೌಸ್ ಇದೆಯಾ ಅಂತ ಕೇಳಿ. ‘ಏನೂ ಆಗಲ್ಲ ಸಾರ್’ ಅಂದರೆ ಗಾಡಿ ವಾಪಸ್ ತನ್ನಿ. ಅಂದಹಾಗೆ, ದೀಪ ಹತ್ತಿದರೆ ಒಳಗೆ ಕೂತವರಿಗೆ ಶಾಕ್ ಹೊಡೆಯುತ್ತದೆ ಅನ್ನುವ ಭಯ ಬೇಡ. ಹೈ ವೋಲ್ಟೇಜ್ ಸರ್ಕಿಟ್‌ಗೂ ಗಾಡಿಯ ಬಾಡಿಗೂ ಸಂಪರ್ಕವೇ ಇರುವುದಿಲ್ಲ, ಎಲ್ಲಾದರೂ ಸೋರಿಕೆ ಆದರೆ ಕಂಪ್ಯೂಟರ್ ಕೋಡು ಹಾಕಿ ಎಚ್ಚರಿಸುತ್ತದೆ. ಕಿತ್ತಳೆ ಬಣ್ಣದ ವೈರುಗಳನ್ನು ಮುಟ್ಟದಿದ್ದರೆ ಸಾಕು. ಬಾನೆಟ್ ಒಳಗೆ ಇಲಿ ಸೇರಿ ಅವನ್ನು ಕಡಿದಿದ್ದರೆ ಅಂಟು ಟೇಪ್ ಸುತ್ತುವ ಕೆಲಸ ಬೇಡವೇ ಬೇಡ.

ಜಾಮ್‌ನಲ್ಲಿ ದೀಪ ಬರಲು ಇನ್ನೊಂದು ಕಾರಣವೂ ಇದೆ. ಇನ್ವರ್ಟರಿಗೆ ಬೇರೆಯದೇ ಕೂಲಂಟ್, ಬೇರೆಯದೇ ಸಣ್ಣ ಡಬ್ಬಿ, ಅದಕ್ಕೊಂದು ಎಲೆಕ್ಟ್ರಿಕ್ ಪಂಪ್ ಇರುತ್ತದೆ. ಸರ್ವಿಸ್‌ನಲ್ಲಿ ಇಂಜಿನ್ ಕೂಲಂಟ್ ನೋಡಿ ಇದನ್ನು ಮರೆಯುವುದು ಮಾಮೂಲು. ಗಾಡಿ ತಣ್ಣಗಿರುವಾಗ ಮುಚ್ಚಳ ತೆಗೆದು ರೆಡಿಗೆ ತಂದು ಇಣುಕಿ ನೋಡಿ. ಎಷ್ಟೋ ಗಾಡಿಗಳಲ್ಲಿ ಪಂಪ್ ಓಡುತ್ತಿದ್ದರೆ ಕೂಲಂಟ್ ಮೇಲೆ ಸಣ್ಣಗೆ ಸುಳಿ ಕಾಣುತ್ತದೆ. ಕನ್ನಡಿಯಂತೆ ಅಲ್ಲಾಡದೆ ನಿಂತಿದ್ದರೆ ಪಂಪ್ ಪರೀಕ್ಷೆ ಮಾಡಿಸಿ. ರಿಪೋರ್ಟಿನಲ್ಲಿ ಪಿ0ಎ93 (P0A93) ಅಂತ ಕೋಡು ಇದ್ದರೆ ಅನುಮಾನ ನೇರ ಇಲ್ಲಿಗೇ. ಪಂಪ್ ಬದಲಿಸುವ ಖರ್ಚಿಗೂ ಬ್ಯಾಟರಿ ಬದಲಿಸುವ ಖರ್ಚಿಗೂ ಅಜಗಜಾಂತರ.

ಒಂದು ವೇಳೆ ಪಿ0ಎ80 (P0A80) ಅಂತಲೇ ಕೋಡು ಬಂದಿದ್ದರೆ? ಸರ್ವಿಸ್ ಸೆಂಟರ್‌ನವರು ನೋಡಿದ್ದು ಇದನ್ನೇ ಇರಬಹುದು. ಈ ಕೋಡಿನ ಪಕ್ಕದಲ್ಲೇ ಹೈಬ್ರಿಡ್ ಬ್ಯಾಟರಿ ಬದಲಿಸಿ ಅಂತ ಸ್ಕ್ಯಾನರ್ ತೋರಿಸುತ್ತದೆ, ಅವರು ಓದಿ ಹೇಳಿಬಿಡುತ್ತಾರೆ. ಆದರೆ ಕೋಡು ಬೀಳುವುದು ಹೇಗೆ ಅಂತ ನೋಡಿ. 245 ವೋಲ್ಟಿನ ನಿಕ್ಕಲ್ ಬ್ಯಾಟರಿ ಅಂದರೆ ಒಳಗೆ 7.2 ವೋಲ್ಟಿನ 34 ಮಾಡ್ಯೂಲ್‌ಗಳು ಸಾಲಾಗಿ ಜೋಡಿಸಿರುತ್ತವೆ. ಕಂಪ್ಯೂಟರ್ ಅವನ್ನು ಎರಡೆರಡಾಗಿ, 17 ಬ್ಲಾಕ್ ಮಾಡಿ ಓದುತ್ತದೆ. ಲೋಡ್ ಬಿದ್ದಾಗ ಒಂದು ಬ್ಲಾಕ್ ಉಳಿದವಕ್ಕಿಂತ ಹೆಚ್ಚು ಕುಸಿದರೆ ಕೋಡು ಬೀಳುತ್ತದೆ. ಮಾಡ್ಯೂಲ್ ನಿಜವಾಗಿ ಸೋತಿದ್ದರೂ ಹೀಗೇ ಕಾಣುತ್ತದೆ, ಮಾಡ್ಯೂಲ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿ ತುಕ್ಕು ಹಿಡಿದಿದ್ದರೂ ಹೀಗೇ ಕಾಣುತ್ತದೆ. ನಿಮ್ಮದು ಮಂಗಳೂರಿನ ಗಾಡಿ, ಉಪ್ಪುಗಾಳಿ ಕುಡಿದದ್ದು. ಮುಚ್ಚಳ ತೆಗೆದಾಗ ಪಟ್ಟಿ, ನಟ್ಟುಗಳ ಮೇಲೆ ಹಸಿರು ಪುಡಿ ಕಂಡರೆ ಮೊದಲು ಅವನ್ನು ಬದಲಿಸಿ, ವೋಲ್ಟೇಜ್ ಅಳೆಯುವ ಸೆನ್ಸ್ ವೈರುಗಳನ್ನು ನೋಡಿ, ಆಮೇಲೆ ಮತ್ತೆ ಅಳೆಯಬೇಕು. 17 ಬ್ಲಾಕುಗಳ ವೋಲ್ಟೇಜನ್ನು ನಿಂತಾಗ ಒಂದು ಸಲ, ಜೋರಾಗಿ ಆಕ್ಸಿಲರೇಟ್ ಮಾಡುವಾಗ ಒಂದು ಸಲ ಬರೆದುಕೊಡಿ ಅಂತ ಕೇಳಿ. ವ್ಯತ್ಯಾಸ 0.2, 0.3 ವೋಲ್ಟ್ ಒಳಗಿದ್ದರೆ ಆ ಬ್ಯಾಟರಿ ಸತ್ತಿಲ್ಲ. ಒಂದೇ ಬ್ಲಾಕ್ ಒಂದು ವೋಲ್ಟಿಗಿಂತ ಜಾಸ್ತಿ ಕುಸಿಯುತ್ತಿದ್ದರೆ, ಪಟ್ಟಿಯೂ ಸ್ವಚ್ಛವಾಗಿದ್ದರೆ, ಆಗ ಒಪ್ಪಿಕೊಳ್ಳಬೇಕು.

ಹಾಗಾದರೆ ದಾರಿ ಯಾವುದು? ಈಗಿನ ಹೈಬ್ರಿಡ್‌ಗಳಿಗೆ ಹೆಚ್ಚಿನ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ, ನಿಮ್ಮದು ವರ್ಷದ ಲೆಕ್ಕದಲ್ಲಿ ದಾಟಿಹೋಗಿದೆ. ಕಂಪನಿಯ ಹೊಸ ಬ್ಯಾಟರಿ ದುಬಾರಿ, ಆದರೆ ಇನ್ನೂ ಐದಾರು ವರ್ಷ ಇಟ್ಟುಕೊಳ್ಳುವುದಾದರೆ ತಲೆನೋವಿಲ್ಲದ ದಾರಿ ಅದೇ. ಸೋತ ಮಾಡ್ಯೂಲ್ ಮಾತ್ರ ಬದಲಿಸುವುದು ಎಲ್ಲಕ್ಕಿಂತ ಅಗ್ಗ, ಗ್ಯಾರೇಜಿನವರು ಹೆಚ್ಚಾಗಿ ಹೇಳುವುದೂ ಇದನ್ನೇ. ನನಗೆ ಅಷ್ಟು ಇಷ್ಟ ಇಲ್ಲ. ಒಂದೇ ವಯಸ್ಸಿನ 33 ಹಳೆಯವುಗಳ ನಡುವೆ ಒಂದು ಹೊಸದು ಕೂರಿಸಿದರೆ ಕೆಲವೇ ತಿಂಗಳಲ್ಲಿ ಇನ್ನೊಂದು ಹಳೆಯದು ಕೈಕೊಡುತ್ತದೆ, ಮತ್ತೆ ಬಿಚ್ಚುವ ಕೂಲಿ. ಗಾಡಿಯನ್ನು ಬೇಗ ಕೈಬಿಡುವವರಿಗೆ ಮಾತ್ರ ಅದು ಸರಿ. ನಡುವಿನ ದಾರಿ ರೀಕಂಡಿಷನ್ ಪ್ಯಾಕ್. ಎಲ್ಲಾ ಮಾಡ್ಯೂಲ್‌ಗಳನ್ನು ಚಾರ್ಜ್-ಡಿಸ್ಚಾರ್ಜ್ ಮಾಡಿ, ಸಾಮರ್ಥ್ಯ ಅಳೆದು, ಹತ್ತಿರಹತ್ತಿರ ಇರುವವನ್ನು ಸೇರಿಸಿ ಕಟ್ಟಿದ್ದರೆ ಒಳ್ಳೆಯದೇ. ಪ್ರತಿ ಮಾಡ್ಯೂಲಿನ ಅಳತೆಯ ಪಟ್ಟಿ ಕೇಳಿ, ಕೊಡದಿದ್ದರೆ ಅವರು ಅಳೆದಿಲ್ಲ ಅಂತ ಅರ್ಥ.

ಶಿವಾಜಿನಗರದ ಗುಜರಿಯಲ್ಲಿ ಆಕ್ಸಿಡೆಂಟ್ ಗಾಡಿಯ ಪ್ಯಾಕ್ ಸಿಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಾಗಿಲು, ಲೈಟು, ಬಂಪರ್ ಅಲ್ಲಿಂದ ತನ್ನಿ, ನನ್ನ ತಕರಾರಿಲ್ಲ. ಬ್ಯಾಟರಿ ಬೇಡ. ತಿಂಗಳುಗಟ್ಟಲೆ ಸುಮ್ಮನೆ ಬಿದ್ದ ನಿಕ್ಕಲ್ ಪ್ಯಾಕ್ ತಾನಾಗಿಯೇ ಇಳಿದಿರುತ್ತದೆ, ಮೇಲಾಗಿ ಅದು ನೀರಲ್ಲಿ ಮುಳುಗಿದ್ದ ಗಾಡಿಯದ್ದೋ ಏನೋ ಯಾರು ಬಲ್ಲರು? 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆ ಕಡೆ ಎಷ್ಟು ಕಾರುಗಳು ನೀರಲ್ಲಿ ನಿಂತಿದ್ದವು ಅಂತ ನೋಡಿದ್ದೀರಲ್ಲ.

‘ಬ್ಯಾಟರಿ ಹೋದರೆ ಹೋಗಲಿ, ಪೆಟ್ರೋಲ್‌ನಲ್ಲೇ ಓಡಿಸ್ತೀನಿ’ ಅನ್ನುವವರಿಗೂ ಒಂದು ಮಾತು. ಇಂಥ ಹೈಬ್ರಿಡ್‌ನಲ್ಲಿ ಅದು ಆಗುವುದಿಲ್ಲ. ಇಂಜಿನ್ ಶುರು ಮಾಡುವುದೇ ಆ ಬ್ಯಾಟರಿಯ ಕರೆಂಟು, ಅದಿಲ್ಲದೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಇನ್ನು ಶನಿವಾರ. ಈ ಗಾಡಿಯಲ್ಲಿ ಹೋಗಬೇಡಿ. ಹೆದರಿಸಲು ಹೇಳುತ್ತಿಲ್ಲ, ಊರೊಳಗೆ ಕೋಡು ಓದಿಸಲು ಓಡಾಡುವುದಕ್ಕೆ ನನ್ನ ಅಡ್ಡಿ ಇಲ್ಲ. ಘಾಟಿಯ ವಿಷಯ ಬೇರೆ. ಏರುವಾಗ ಬ್ಯಾಟರಿ ಕರೆಂಟ್ ಕೊಡುತ್ತದೆ, ಇಳಿಯುವಾಗ ಬ್ರೇಕಿನ ಶಕ್ತಿಯಲ್ಲಿ ಒಂದು ಪಾಲು ಚಾರ್ಜ್ ಆಗಿ ಅದಕ್ಕೇ ವಾಪಸ್ ಬರುತ್ತದೆ, ಎರಡೂ ಕಡೆ ಬಿಸಿ. ಉಸಿರುಗಟ್ಟಿದ ಫ್ಯಾನ್ ಇಟ್ಟುಕೊಂಡು ಶಿರಾಡಿ ಇಳಿಯುವುದು, ಅದೂ ಮಳೆಯಲ್ಲಿ, ಮನೆಯವರನ್ನೆಲ್ಲ ಕೂರಿಸಿಕೊಂಡು, ಬೇಡ. ಜಾಲರಿ ಸ್ವಚ್ಛ ಮಾಡಿಸಿ, 12 ವೋಲ್ಟ್ ಸರಿಮಾಡಿಸಿ, ಒಂದೆರಡು ವಾರ ಊರಲ್ಲೇ ಓಡಿಸಿ ನೋಡಿ. ದೀಪ ಬರದಿದ್ದರೆ ಮುಂದಿನ ಸಲ ಆರಾಮಾಗಿ ಹೋಗಿಬನ್ನಿ.

ನಡುವೆ ಎಲ್ಲಾದರೂ ಕೆಂಪು ತ್ರಿಕೋನದ ಜೊತೆ ಬ್ರೇಕಿನ ಕೆಂಪು ದೀಪ, ಬೀಪ್ ಸದ್ದು ಒಟ್ಟಿಗೆ ಬಂದರೆ ಎಡಕ್ಕೆ ತಗೊಂಡು ನಿಲ್ಲಿಸಿ, ಮುಂದೆ ಓಡಿಸಬೇಡಿ. ಆಫ್ ಮಾಡಿ ಒಂದು ಸಲ ಆನ್ ಮಾಡಿ ನೋಡಬಹುದು. ಹತ್ತು ಸಲ ಬೇಡ, ಪ್ರತಿ ಪ್ರಯತ್ನಕ್ಕೂ ದೊಡ್ಡ ಬ್ಯಾಟರಿ ಇನ್ನಷ್ಟು ಇಳಿಯುತ್ತದೆ. ಟೋಯಿಂಗ್‌ಗೆ ಫೋನ್ ಮಾಡುವಾಗ ಹೈಬ್ರಿಡ್ ಗಾಡಿ, ಫ್ಲಾಟ್‌ಬೆಡ್ ಕಳಿಸಿ ಅಂತ ಮೊದಲೇ ಹೇಳಿ. ಹಗ್ಗ ಕಟ್ಟಿ ಎಳೆಯಲು ಬಂದರೆ ಬಿಡಬೇಡಿ, ಮುಂದಿನ ಚಕ್ರ ತಿರುಗಿದರೆ ಮೋಟಾರೂ ತಿರುಗಿ ಕರೆಂಟ್ ಹುಟ್ಟುತ್ತದೆ, ಇಲ್ಲದ ಹೊಸ ಖರ್ಚು ಬರುತ್ತದೆ. ಸ್ಕ್ಯಾನ್ ರಿಪೋರ್ಟ್ ಕೈಗೆ ಬಂದ ಮೇಲೆ ಕೋಡು, ಬ್ಲಾಕ್ ವೋಲ್ಟೇಜ್ ಎರಡನ್ನೂ ಬರೆದು ಕಳಿಸಿ, ನೋಡಿ ಹೇಳುತ್ತೇನೆ.